ಮನೆಯೂ ಮತವೂ: ಪೌರಗೃಹಗಳ ಆಡಳಿತದಲ್ಲಿ ಚುನಾಯಿತ ಪ್ರತಿನಿಧಿಗಳು

ಬಡವರ ವಾಸಕ್ಕಾಗಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಡುವ ಭಾರವನ್ನು ಸ್ಥಳಿಕ ಸಂಸ್ಥೆಗಳು ವಹಿಸಿಕೊಂಡಮೇಲೆ, ಅವುಗಳ ಚುನಾಯಿತ ಸದಸ್ಯರಿಗೆ ಹಿಂದೆ ಇಲ್ಲದಿದ್ದ ಒಂದು ಅಧಿಕಾರವು ಪ್ರಾಪ್ತವಾಯಿತು. ದೀಪ, ನೀರು, ರಸ್ತೆ ಇವು ಊರಿನವರೆಲ್ಲರಿಗೂ ಸಲ್ಲುವಂಥವು. ಮನೆಯಾದರೋ ಒಂದು ಕುಟುಂಬಕ್ಕೆ ದೊರೆತರೆ ಮತ್ತೊಂದಕ್ಕೆ ತಪ್ಪುವುದು. ಅದನ್ನು ಯಾರಿಗೆ ಕೊಡತಕ್ಕದ್ದು, ಎಷ್ಟು ಬಾಡಿಗೆ ಪಡೆಯತಕ್ಕದ್ದು ಎಂಬ ನಿರ್ಣಯದಲ್ಲಿ ಮತದಾರರ ಪ್ರತಿನಿಧಿಗೆ ಎಷ್ಟರಮಟ್ಟಿನ ಅಧಿಕಾರವಿರಬೇಕು? ಉತ್ತರ ಐರ್ಲೆಂಡು ಮತ್ತು ಇಂಗ್ಲೆಂಡುಗಳ ಚರಿತ್ರೆಯಿಂದ ಮೂರು ನಿದರ್ಶನಗಳನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಕೆಲಸಗಾರರ ವಸತಿಗಾಗಿ ಮನೆಗಳನ್ನು ಕಟ್ಟಿಸುವ ಅಧಿಕಾರವನ್ನು 1890ನೆಯ ಇಸವಿಯ ಶಾಸನವು ಕೌನ್ಸಿಲುಗಳಿಗೆ ಸ್ಪಷ್ಟಪಡಿಸಿತು. ಲಂಡನ್ ಕೌಂಟಿ ಕೌನ್ಸಿಲು ಕೊಳೆಗೇರಿಯೊಂದನ್ನು ಕೆಡವಿ ಕಟ್ಟಿಸಿದ ಬೌಂಡರಿ ವಸತಿಗೆ 1900ರಲ್ಲಿ ಪ್ರಾರಂಭೋತ್ಸವವಾಯಿತು. ಆದರೆ ಮನೆ ಕಟ್ಟಿಸುವುದು ಕೌನ್ಸಿಲುಗಳ ಕರ್ತವ್ಯವೆಂದೇ ಆದುದು ಮೊದಲನೆಯ ಮಹಾಯುದ್ಧಾನಂತರ, 1919ರಲ್ಲಿ ಮಂತ್ರಿಯಾಗಿದ್ದ ಕ್ರಿಸ್ಟಫರ್ ಆಡಿಸನ್ ತಂದ ಶಾಸನದಿಂದ. ಒಂದು ಗೊತ್ತಾದ ಮಿತಿಯನ್ನು ಮೀರಿದ ನಷ್ಟವನ್ನು ಸರ್ಕಾರದ ಬೊಕ್ಕಸವೇ ಭರಿಸತಕ್ಕದ್ದೆಂದು ಏರ್ಪಾಡಾಯಿತು. ಮನೆಗಳ ಹಂಚಿಕೆಯೂ ಆಡಳಿತವೂ ಕೌನ್ಸಿಲುಗಳ ಕೈಯಲ್ಲಿಯೇ ಉಳಿದುವು.

ಈ ಅಧಿಕಾರವು ಎಷ್ಟು ಕೆಡಬಹುದೆಂಬುದಕ್ಕೆ ಉತ್ತರ ಐರ್ಲೆಂಡೇ ಸಾಕ್ಷಿ. ಗ್ರೇಟ್ ಬ್ರಿಟನ್ನಿನಲ್ಲಿ 1945ರಲ್ಲಿ ಸ್ಥಳಿಕ ಚುನಾವಣೆಯ ಮತದಾನದ ಹಕ್ಕು ವಿಸ್ತೃತವಾಯಿತು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಅದು ಹಳೆಯ ರೀತಿಯಲ್ಲಿಯೇ ನಿಂತಿತು. ಮನೆಯ ಒಡೆಯನಿಗೆ ಅಥವಾ ಬಾಡಿಗೆದಾರನಿಗೆ, ಅಲ್ಲದೆ ಅವರ ಪತಿಗೆ ಇಲ್ಲವೆ ಪತ್ನಿಗೆ ಮತವುಂಟು. ತಂದೆತಾಯಿಗಳ ಮನೆಯಲ್ಲಿಯೇ ಇರುವ ವಯಸ್ಕ ಮಕ್ಕಳಿಗೂ, ಒಳಬಾಡಿಗೆಗೆ ಇರುವವರಿಗೂ ಮತವಿಲ್ಲ. ಆದುದರಿಂದ ಕೌನ್ಸಿಲರು ಒಂದು ಕುಟುಂಬಕ್ಕೆ ಮನೆಯ ಬೀಗದ ಕೈಯನ್ನು ಕೊಟ್ಟರೆ ಅದರೊಡನೆಯೇ ಮತವನ್ನೂ ಕೊಟ್ಟಂತಾಗುತ್ತಿತ್ತು. ಆ ಮನೆ ಯಾವ ವಾರ್ಡಿನಲ್ಲಿದೆಯೆಂಬುದೂ ಮುಖ್ಯವಾಯಿತು. 1967ರಲ್ಲಿ ಡೆರ್ರಿ ನಗರದಲ್ಲಿ ಕ್ಯಾಥೊಲಿಕ್ ಮತದಾರರು 14,429, ಇತರರು 8,781. ಆದರೂ ಕಾರ್ಪೊರೇಷನ್ನಿನ 20 ಸ್ಥಾನಗಳಲ್ಲಿ 12 ಯೂನಿಯನಿಸ್ಟ್ ಪಕ್ಷದವು. ಇದರ ಗುಟ್ಟು ವಾರ್ಡುಗಳ ವಿಂಗಡಣೆಯಲ್ಲಿದೆ. ದಕ್ಷಿಣ ವಾರ್ಡಿನಲ್ಲಿ 11,185 ಮತದಾರರಿಗೆ 8 ಸ್ಥಾನಗಳು. ಉತ್ತರ ವಾರ್ಡಿನಲ್ಲಿ 6,476 ಮತದಾರರಿಗೂ ಅಷ್ಟೇ ಸ್ಥಾನಗಳು. ಕ್ಯಾಥೊಲಿಕ್ ಕುಟುಂಬಗಳಿಗೆ ದಕ್ಷಿಣ ವಾರ್ಡಿನಿಂದ ಹೊರಗೆ ಮನೆ ಕೊಟ್ಟರೆ ಈ ಲೆಕ್ಕವೇ ಬುಡಮೇಲಾಗುವಂತಿತ್ತು.

ಡಂಗ್ಯಾನನ್ ಗ್ರಾಮಾಂತರ ಕೌನ್ಸಿಲಿನಲ್ಲಿ ಯಾರಿಗೆ ಮನೆ ಎಂಬುದು ಆಯಾ ಪ್ರದೇಶದ ಕೌನ್ಸಿಲರ ಇಷ್ಟಕ್ಕೆ ಬಿಟ್ಟ ವಿಷಯವಾಗಿತ್ತು. 1968ರಲ್ಲಿ ಕ್ಯಾಲಿಡನ್ ಎಂಬ ಹಳ್ಳಿಯಲ್ಲಿ, ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಮನೆಯಿಲ್ಲದೆ ಕಾಯುತ್ತಿರುವಾಗ, ಒಬ್ಬ ಅವಿವಾಹಿತ ಪ್ರಾಟೆಸ್ಟಂಟ್ ಯುವತಿಗೆ ಮನೆ ಕೊಡಲಾಯಿತು. ಶಾಸನಸಭೆಯ ಸದಸ್ಯರಾದ ಆಸ್ಟಿನ್ ಕರಿ ಅವರು ಈ ಅನ್ಯಾಯವನ್ನು ಸಭೆಯಲ್ಲಿ ಎತ್ತಿ ಆಡಿದರು. ಫಲ ಕಾಣದೆ ಜೂನ್ 20ರಂದು ತಾವೇ ಆ ಮನೆಯನ್ನು ಹೊಕ್ಕು ಕುಳಿತರು. ಅದೇ ವರ್ಷ ಆಗಸ್ಟಿನಲ್ಲಿ ಕೋಲ್‌ಐಲೆಂಡಿನಿಂದ ಡಂಗ್ಯಾನನ್ನಿಗೂ, ಅಕ್ಟೋಬರಿನಲ್ಲಿ ಡೆರ್ರಿಯಲ್ಲಿಯೂ ನಡೆದ ಮೆರವಣಿಗೆಗಳು ದೊಡ್ಡ ಕ್ಷೋಭೆಗೆ ನಾಂದಿಯಾದುವು. 1969ರಲ್ಲಿ ಲಾರ್ಡ್ ಕ್ಯಾಮರನ್ನರ ವಿಚಾರಣಾ ಸಮಿತಿಯು ಮನೆಗಳ ಹಂಚಿಕೆಯಲ್ಲಿನ ಪಕ್ಷಪಾತವನ್ನು ಅಶಾಂತಿಯ ಕಾರಣಗಳಲ್ಲಿ ಒಂದೆಂದು ಎಣಿಸಿತು. ಅಗತ್ಯವನ್ನು ಅಂಕಗಳಿಂದ ಅಳೆಯುವ ಪದ್ಧತಿಯನ್ನು ಕೈಕೊಳ್ಳದಿದ್ದುದನ್ನೂ ಎತ್ತಿ ತೋರಿಸಿತು. ಮತದಾನದ ನಿರ್ಬಂಧವು ಅದೇ ವರ್ಷ ರದ್ದಾಯಿತು. 1971ರ ಶಾಸನವು ಇನ್ನೂ ಮುಂದೆ ಹೋಗಿ, ಮನೆಗಳ ಆಡಳಿತವನ್ನೇ ಕೌನ್ಸಿಲುಗಳಿಂದ ತೆಗೆದು ಪ್ರತ್ಯೇಕವಾದ ಒಂದು ಗೃಹಮಂಡಲಿಗೆ ವಹಿಸಿತು.

ಹಾಗಾದರೆ ಚುನಾಯಿತರನ್ನು ದೂರವಿಡುವುದೇ ಲೇಸೆಂದು ಹೇಳಬಹುದೇ? ಡರ್ಬಿಷೈರಿನ ಗಣಿಗಾರರ ಊರಾದ ಕ್ಲೇ ಕ್ರಾಸಿನ ವೃತ್ತಾಂತವು ಅವಸರ ಬೇಡವೆನ್ನುತ್ತದೆ. 1972ರ ಶಾಸನವೊಂದು ಪೌರಗೃಹಗಳ ಬಾಡಿಗೆಯನ್ನು ಹೆಚ್ಚಿಸಬೇಕೆಂದು ವಿಧಿಸಿತು. ಲೇಬರ್ ಪಕ್ಷದ 11 ಕೌನ್ಸಿಲರು, ತಾವು ಬಾಡಿಗೆದಾರರಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು, ವಾರಕ್ಕೆ ಒಂದು ಪೌಂಡಿನ ಆ ಏರಿಕೆಯನ್ನು ಜಾರಿಗೆ ತರಲಿಲ್ಲ. ಲೆಕ್ಕ ತನಿಖೆದಾರನು 6,985 ಪೌಂಡುಗಳನ್ನು ಅವರೇ ತುಂಬಿಕೊಡಬೇಕೆಂದು ತೀರ್ಮಾನಿಸಿದನು. ಅವರು ಸದಸ್ಯತ್ವಕ್ಕೂ ಅನರ್ಹರಾದರು. ಶಾಸನವನ್ನು ಮೀರಿದ್ದು ಸರಿಯೇ ತಪ್ಪೇ ಎಂಬ ವಾದವೇನೇ ಇರಲಿ, ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಡಂಗ್ಯಾನನ್ನಿನ ಕೌನ್ಸಿಲರು ಮನೆಯನ್ನು ತನ್ನ ಇಷ್ಟದಂತೆ ಕೊಟ್ಟನು. ಕ್ಲೇ ಕ್ರಾಸಿನವರು ಊರಿನ ಬಾಡಿಗೆದಾರರೆಲ್ಲರಿಗೂ ಸಂಬಂಧಪಟ್ಟ ಬಾಡಿಗೆಯ ಪ್ರಶ್ನೆಯನ್ನು ಬಹಿರಂಗವಾಗಿ ಹಿಡಿದು, ಅದರ ದಂಡವನ್ನು ತಾವೇ ತೆತ್ತರು.

ಆದರೆ ಸಾಮಾನ್ಯ ನಿಯಮವೂ ದುರುಪಯೋಗಕ್ಕೆ ಹೊರತಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲಿನಲ್ಲಿ ಶರ್ಲಿ ಪೋರ್ಟರ್ ಅವರ ನಾಯಕತ್ವದ ಕನ್ಸರ್ವೇಟಿವ್ ಪಕ್ಷವು 1987ರಲ್ಲಿ, ಗೆಲುವು ಸಂದೇಹಾಸ್ಪದವಾಗಿದ್ದ 8 ವಾರ್ಡುಗಳಲ್ಲಿ ತೆರವಾದ ಮನೆಗಳನ್ನು ಬಾಡಿಗೆಗೆ ಕೊಡದೆ ಮಾರುವ ಯೋಜನೆಯನ್ನು ಬಲಪಡಿಸಿತು. ಕೊಳ್ಳುವವರು ತಮ್ಮ ಪಕ್ಷಕ್ಕೆ ಮತ ಹಾಕುವರೆಂಬುದು ಎಣಿಕೆ. ಇದು ಧರ್ಮಸಮ್ಮತವಲ್ಲವೆಂದು 2001ರಲ್ಲಿ ಲಾರ್ಡ್ಸ್ ಸಭೆಯ ನ್ಯಾಯಮೂರ್ತಿಗಳು ಎತ್ತಿಹಿಡಿದರು. ಅವರ ತೀರ್ಪಿನ ಸಾರವಿಷ್ಟು: ಸಾರ್ವಜನಿಕ ಅಧಿಕಾರವನ್ನು ಅದು ಯಾವ ಉದ್ದೇಶಕ್ಕಾಗಿ ದತ್ತವಾಗಿದೆಯೋ ಅದಕ್ಕೇ ಉಪಯೋಗಿಸಬೇಕು, ಪಕ್ಷದ ಚುನಾವಣಾ ಲಾಭವು ಆ ಉದ್ದೇಶವಾಗಲಾರದು.

ಈ ಮೂರು ವೃತ್ತಾಂತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಮಗೆ ತೋರುವುದಿಷ್ಟು. ಎಷ್ಟು ಮನೆ ಕಟ್ಟಿಸಬೇಕು, ಬಾಡಿಗೆಯ ಪ್ರಮಾಣವೇನು, ಯಾವ ಅಗತ್ಯಕ್ಕೆ ಮೊದಲ ಸ್ಥಾನ ಎಂಬ ನಿಯಮಗಳನ್ನು ಮಾಡುವುದು ಚುನಾಯಿತರ ಕೆಲಸ. ಅದಕ್ಕೆ ಅವರು ಮತದಾರರ ಮುಂದೆ ಉತ್ತರವಾದಿಗಳು. ಬಾಡಿಗೆದಾರನ ದೂರನ್ನು ಕೇಳಿ ಅಧಿಕಾರಿಗಳನ್ನು ಪ್ರಶ್ನಿಸುವುದೂ ಅವರ ಕೆಲಸವೇ. ಆದರೆ ನಿಯಮವಾದಮೇಲೆ, ಇಂಥವನಿಗೆ ಈ ಮನೆ ಎಂದು ಹೆಸರು ಬರೆಯುವ ಲೇಖನಿಯು ಅವರ ಕೈಯಲ್ಲಿರಬಾರದು. ಕ್ಯಾಲಿಡನ್ನಿನ ಒಂದು ಮನೆಯ ಹಂಚಿಕೆಯಿಂದ ಒಂದು ದೇಶದ ಸ್ಥಳಿಕ ಸಂಸ್ಥೆಗಳೆಲ್ಲವೂ ಈ ಅಧಿಕಾರವನ್ನು ಕಳೆದುಕೊಳ್ಳುವ ಸ್ಥಿತಿ ಒದಗಿತೆಂಬುದು ಸ್ವರಾಜ್ಯವನ್ನು ನಡೆಸುವವರೆಲ್ಲರೂ ನೆನಪಿಡತಕ್ಕ ಸಂಗತಿ.