ದೀರ್ಘಕಾಲಿಕ ಕಾಯಿಲೆಗಳ ತೊಡಕು ಪತ್ತೆಯಲ್ಲಿ ರೋಗಿ ದಾಖಲೆ: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಮೂತ್ರಪಿಂಡ, ಕಣ್ಣು, ಹೃದಯಕ್ಕೆ ತಗಲುವ ಹಾನಿಯನ್ನು ಹಳೆಯ ದಾಖಲೆಗಳ ಜೊತೆ ಹೋಲಿಸಿ ಬೇಗ ಗುರುತಿಸುವ ಕ್ರಮ. ಇದು ಕಂಪ್ಯೂಟರಿನೊಂದಿಗೆ ಶುರುವಾಯಿತೆಂಬ ಮಾತು ಸರಿಯಲ್ಲ. ಅಮೆರಿಕದ ವೈದ್ಯ ಎಲಿಯಟ್ ಜೋಸ್ಲಿನ್ 19ನೇ ಶತಮಾನದ ಕೊನೆಯಲ್ಲೇ ಮಧುಮೇಹಿಗಳ ವಿವರವನ್ನು ಲೆಡ್ಜರಿನಲ್ಲಿ ಬರೆದಿಡುತ್ತಿದ್ದರು.

ಈ ಮೂರು ತಾಲ್ಲೂಕುಗಳ ರೋಗಿಗಳು ಒಂದೇ ಆಸ್ಪತ್ರೆಯನ್ನು ನೆಚ್ಚಿಕೊಂಡವರಲ್ಲ. ಊರಿನ ಡಾಕ್ಟರು, ತಾಲ್ಲೂಕು ಆಸ್ಪತ್ರೆ, 1848ರಷ್ಟು ಹಳೆಯದಾದ ಮಂಗಳೂರಿನ ವೆನ್ಲಾಕ್, ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳು ಎಂದು ಒಬ್ಬರದೇ ದಾಖಲೆ ನಾಲ್ಕು ಕಡೆ ಚದುರುತ್ತದೆ. ಎಲ್ಲವೂ ಒಟ್ಟಿಗೆ ಸಿಗುವುದು ರೋಗಿ ಹಿಡಿದು ತರುವ ಪ್ಲಾಸ್ಟಿಕ್ ಚೀಲದಲ್ಲಿ. ಇಲ್ಲಿನ ಮಟ್ಟಿಗೆ ಆಸ್ಪತ್ರೆಯ ರಿಜಿಸ್ಟರಿಗಿಂತ ಆ ಚೀಲವೇ ದೊಡ್ಡ ಆಧಾರ.

ಕಾನೂನೂ ಅದನ್ನೇ ಅನಿವಾರ್ಯವಾಗಿಸಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದ ಪ್ರಕಾರ ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಇಡಬೇಕು. ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆದರೆ ಸಕ್ಕರೆ ಕಾಯಿಲೆಯ ತೊಡಕುಗಳು ಮೈದೋರಲು ಹತ್ತು ಹದಿನೈದು ವರ್ಷ ಹಿಡಿಯುವುದುಂಟು.

ಮೂತ್ರಪಿಂಡದ ಉದಾಹರಣೆ ನೋಡಬಹುದು. 60 ವರ್ಷದ ಹೆಂಗಸಿನ ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯ 0.8ರಿಂದ 1.2ಕ್ಕೆ ಏರಿದರೂ ಎಷ್ಟೋ ಲ್ಯಾಬ್ ಚೀಟಿಗಳಲ್ಲಿ ಅದು 'ನಾರ್ಮಲ್'. ಲೆಕ್ಕ ಹಾಕಿದರೆ ಮೂತ್ರಪಿಂಡದ ಶೋಧನಾ ಪ್ರಮಾಣ ಸುಮಾರು 84ರಿಂದ 52ಕ್ಕೆ ಕುಸಿದಿರುತ್ತದೆ. ಹಳೆಯ ಚೀಟಿ ಇಲ್ಲದಿದ್ದರೆ ಈ ಕುಸಿತ ಕಣ್ಣಿಗೆ ಬೀಳುವುದಿಲ್ಲ. ಹಾನಿ 3 ತಿಂಗಳು ಮೀರಿ ಉಳಿದರೆ ಮಾತ್ರ ಅದು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎನ್ನಿಸುವುದರಿಂದ, ರೋಗದ ವ್ಯಾಖ್ಯೆಯೇ ಹಿಂದಿನ ದಾಖಲೆಯನ್ನು ಕೇಳುತ್ತದೆ.

2017ರಿಂದ ದೇಶದಲ್ಲಿ ಇಂಥ ಕಾಯಿಲೆಗಳಿಗಾಗಿ 30 ವರ್ಷ ದಾಟಿದವರ ತಪಾಸಣೆ ಆರಂಭವಾಗಿ, ಆಶಾ ಕಾರ್ಯಕರ್ತೆಯರು ಮನೆಮನೆಯ ವಿವರ ತುಂಬಿಸಿಕೊಂಡರು. ಇದನ್ನೇ ತೊಡಕು ಪತ್ತೆಯೆಂದು ಬರೆಯುವುದು ಗೊಂದಲ: ತಪಾಸಣೆ ಯಾರಿಗೆ ಕಾಯಿಲೆಯಿದೆ ಎನ್ನುತ್ತದೆ, ಅದು ಎತ್ತ ಸಾಗಿದೆ ಎನ್ನುವುದಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ತೊಡಗಿದ ಕೆಲಸದಿಂದ ಕರಾವಳಿ, ಮಲೆನಾಡಿನ ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳು ಬಂದವು. ವರದಿ ವಾಟ್ಸ್‌ಆ್ಯಪ್‌ನಲ್ಲಿ ತಜ್ಞರಿಗೆ ತಲುಪತೊಡಗಿತು. ಉದ್ದೇಶ ತುರ್ತು ಚಿಕಿತ್ಸೆಯಾದರೂ, ಹೀಗೆ ಉಳಿದ ಇಸಿಜಿ ಮುಂದಿನ ಹೋಲಿಕೆಗೂ ಒದಗುತ್ತದೆ. ಅದರ ಕಾಗದದ ಗೆರೆಗಳು ಕಾಲಕ್ರಮೇಣ ಮಾಸುವುದರಿಂದ ಜೆರಾಕ್ಸ್ ಮಾಡಿಸಿಡುವುದು ಒಳ್ಳೆಯದು.

2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಗಳ ಆಭಾ (ಆರೋಗ್ಯ ಖಾತೆ) ಸಂಖ್ಯೆಯ ಅವಕಾಶ ಕೊಟ್ಟಿತು. ಸಂಖ್ಯೆ ಮಾಡಿಸಿಕೊಂಡ ಮಾತ್ರಕ್ಕೆ ಚೀಲದಲ್ಲಿರುವ ಹಳೆಯ ಚೀಟಿಗಳು ತಾವಾಗಿ ಅದರೊಳಗೆ ಸೇರುವುದಿಲ್ಲ.