ಎಸ್.ಎಲ್. ಶಕ್ಧರ್: ಸಂಸತ್ತಿನ ನಿಯಮ ಬರೆದಿಟ್ಟು, ಇವಿಎಂ ತಂದ ಅಧಿಕಾರಿ

ಇವಿಎಂ ಬಟನ್ ಒತ್ತಿ ಬರೋ ನಮ್ಮಲ್ಲಿ ಎಷ್ಟೋ ಜನಕ್ಕೆ ಶ್ಯಾಮ್‌ಲಾಲ್ ಶಕ್ಧರ್ ಹೆಸರು ಗೊತ್ತಿರಲ್ಲ. ಅವರು ಯಾವ ಪಕ್ಷದ ಲೀಡರೂ ಅಲ್ಲ, ಸಂಸತ್ತಿನ ಅಧಿಕಾರಿ.

ಲೋಕಸಭೆಯಲ್ಲಿ
1964ರಲ್ಲಿ ಲೋಕಸಭೆ ಕಾರ್ಯದರ್ಶಿಯಾದ ಶಕ್ಧರ್ 1977ರವರೆಗೆ ಅಲ್ಲೇ ಇದ್ದರು. ಮಧ್ಯದಲ್ಲಿ ಆ ಹುದ್ದೆಗೆ ಮಹಾ ಕಾರ್ಯದರ್ಶಿ ಅಂತ ಹೆಸರಾಯ್ತು. ಸ್ಪೀಕರ್ ಪೀಠದ ಕೆಳಗಿನ ಮೇಜಿನಲ್ಲಿ ಕೂರುವ ಈ ಅಧಿಕಾರಿಗೆ ಸದನದಲ್ಲಿ ವೋಟಿಲ್ಲ, ಭಾಷಣವೂ ಇಲ್ಲ. ನಿಯಮ ಏನು ಹೇಳುತ್ತೆ ಅಂತ ಸ್ಪೀಕರ್‌ಗೆ ಸಲಹೆ ಕೊಡೋದು ಮುಖ್ಯ ಕೆಲಸ. ನಮ್ಮ ವಿಧಾನಸಭೆಯಲ್ಲೂ ಕಾರ್ಯದರ್ಶಿ ಇದೇ ಕೆಲಸ ಮಾಡ್ತಾರೆ.

ಹಿಂದಿನ ಕಾರ್ಯದರ್ಶಿ ಎಂ.ಎನ್. ಕೌಲ್ ಜತೆ ಸೇರಿ ಬರೆದ ಸಂಸತ್ ನಡಾವಳಿಯ ಪುಸ್ತಕ 1968ರಲ್ಲಿ ಬಂತು. ಸದನದಲ್ಲಿ ಜಗಳ ಆದಾಗ ಇವತ್ತಿಗೂ ‘ಕೌಲ್ ಆ್ಯಂಡ್ ಶಕ್ಧರ್’ ತೆಗೆದು ತೋರಿಸ್ತಾರೆ.

ಚುನಾವಣಾ ಆಯೋಗದಲ್ಲಿ
1977ರ ಜೂನ್‌ನಲ್ಲಿ ಮುಖ್ಯ ಚುನಾವಣಾ ಆಯುಕ್ತರಾದರು. ಇಂದಿರಾ ಗಾಂಧಿ ಗೆದ್ದ 1978ರ ಚಿಕ್ಕಮಗಳೂರು ಉಪಚುನಾವಣೆ ನಡೆದಿದ್ದು ಇವರ ಅವಧಿಯಲ್ಲೇ. 1981ರಲ್ಲಿ ಉತ್ತರ ಪ್ರದೇಶದ ಗಢವಾಲ್ ಉಪಚುನಾವಣೆಗೆ ಆಯೋಗಕ್ಕೆ ತಿಳಿಸದೆ ಹೊರರಾಜ್ಯದ ಪೊಲೀಸರನ್ನು ಕರೆಸಿದ್ದರು. ಕೇಂದ್ರದಲ್ಲೂ ರಾಜ್ಯದಲ್ಲೂ ಕಾಂಗ್ರೆಸ್ ಸರ್ಕಾರ ಇತ್ತು. ಆದ್ರೂ ಶಕ್ಧರ್ ಇಡೀ ಕ್ಷೇತ್ರದ ಮತದಾನ ರದ್ದು ಮಾಡಿದರು.

ಇವಿಎಂ ಕೇಸ್
ಮತಯಂತ್ರದ ಯೋಚನೆ ಆಯೋಗದಲ್ಲಿ ಶುರುವಾಗಿದ್ದು 1977ರಲ್ಲಿ. 1982ರ ಮೇ 19ರಂದು ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಸಲ ಬಳಸಿದರು. ಮರುತಿಂಗಳು ಶಕ್ಧರ್ ನಿವೃತ್ತರಾದರು. ಸೋತ ಅಭ್ಯರ್ಥಿ ಎ.ಸಿ. ಜೋಸ್ ಕೋರ್ಟಿಗೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್, ಕಾನೂನಿನಲ್ಲಿ ಯಂತ್ರಕ್ಕೆ ಜಾಗವೇ ಇಲ್ಲ ಅಂತ ಹೇಳಿ ಆ 50 ಕಡೆ ಮರುಮತದಾನಕ್ಕೆ ಆದೇಶ ಕೊಟ್ಟಿತು. ಮರುಮತದಾನದಲ್ಲಿ ಜೋಸ್ ಗೆದ್ದರು.

ನಿಯಮದ ಪುಸ್ತಕ ಬರೆದವರ ಯೋಜನೆಯೇ ನಿಯಮ ಇಲ್ಲ ಅಂತ ಬಿದ್ದುಹೋಯ್ತು. ಯಂತ್ರ ಒಳ್ಳೇದಾ ಕೆಟ್ಟದ್ದಾ ಅನ್ನೋದು ಬೇರೆ ಮಾತು, ಮೊದಲು ಸಂಸತ್ತು ಕಾನೂನು ಮಾಡಬೇಕು ಅನ್ನೋದೇ ತೀರ್ಪಿನ ತಿರುಳು. 1988ರ ಕೊನೆಗೆ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಆಯ್ತು. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ದೇಶದ ಎಲ್ಲಾ ಕ್ಷೇತ್ರಕ್ಕೂ ಇವಿಎಂ ಬಂತು. ಇವನ್ನು ತಯಾರಿಸೋ ಎರಡು ಸರ್ಕಾರಿ ಕಂಪನಿಗಳಲ್ಲಿ ಒಂದು ನಮ್ಮ ಬೆಂಗಳೂರಿನ ಬಿಇಎಲ್.