ಹೊಸದಾಗಿ ನೇಮಕಗೊಂಡ ಶಿಕ್ಷಕರ ಮೊದಲ ದಿನಗಳು: ಮುಖ್ಯಶಿಕ್ಷಕರಿಗೆ ಮಾಹಿತಿ

ಪೀಠಿಕೆ

ತುಮಕೂರು ಕಂದಾಯ ಜಿಲ್ಲೆಯು ಶಾಲಾ ಶಿಕ್ಷಣದ ಆಡಳಿತಕ್ಕಾಗಿ ತುಮಕೂರು ಮತ್ತು ಮಧುಗಿರಿ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಣೆಗೊಂಡಿದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಬಯಲುಸೀಮೆಯ ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಪ್ರತಿ ನೇಮಕಾತಿಯಲ್ಲಿಯೂ ರಾಜ್ಯದ ಬೇರೆ ಬೇರೆ ಭಾಗಗಳಿಂದ ಹೊಸ ಶಿಕ್ಷಕರು ಬಂದು ಸೇರುತ್ತಾರೆ. 6ರಿಂದ 8ನೇ ತರಗತಿಗಳಿಗಾಗಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ 2022ರಲ್ಲಿ ಅಧಿಸೂಚನೆ ಹೊರಟ ನಂತರ ನಡೆದ ನೇಮಕಾತಿಯು ಇದಕ್ಕೆ ಇತ್ತೀಚಿನ ದೊಡ್ಡ ನಿದರ್ಶನ.

ನೇಮಕಾತಿ ಆದೇಶವು ಹುದ್ದೆಯನ್ನು ತುಂಬುತ್ತದೆ. ಆದರೆ ಹುದ್ದೆಗೆ ಬಂದವರು ಶಿಕ್ಷಕರಾಗಿ ನೆಲೆಯೂರುವುದು ಶಾಲೆಯಲ್ಲಿ. ಮಕ್ಕಳ ಕಲಿಕೆ, ಹೊಸ ಶಿಕ್ಷಕರ ಸೇವಾ ಭದ್ರತೆ ಹಾಗೂ ಅವರು ಆ ಊರಿನಲ್ಲಿ ಉಳಿಯುವ ಮನಸ್ಸು, ಈ ಮೂರೂ ಮೊದಲ ಕೆಲವು ತಿಂಗಳುಗಳಲ್ಲಿ ಅವರಿಗೆ ದೊರೆಯುವ ನೆರವನ್ನು ಬಹುಮಟ್ಟಿಗೆ ಅವಲಂಬಿಸಿವೆ. ಆ ನೆರವನ್ನು ಮುಖ್ಯಶಿಕ್ಷಕರು ಯಾವ ಕ್ರಮದಲ್ಲಿ ನೀಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಸಣ್ಣ ಶಾಲೆಗಳ ಸನ್ನಿವೇಶ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ ಅನುಸೂಚಿಯಂತೆ 1ರಿಂದ 5ನೇ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಮುಖ್ಯಶಿಕ್ಷಕರೂ ಪೂರ್ಣಾವಧಿ ಪಾಠ ಮಾಡಬೇಕಾಗುತ್ತದೆ. ಅವರು ಸಭೆಗೋ ತರಬೇತಿಗೋ ತೆರಳಿದ ದಿನ ಐದು ತರಗತಿಗಳೂ ಉಳಿದೊಬ್ಬರ ಪಾಲಿಗೆ ಬರುತ್ತವೆ. ಆ ಒಬ್ಬರು ಕಳೆದ ವಾರವಷ್ಟೇ ಸೇವೆಗೆ ಸೇರಿದವರಾಗಿದ್ದರೆ ಅವರ ಕಷ್ಟ ಎರಡು ಪಟ್ಟಾಗುತ್ತದೆ.

ಇಂತಹ ಶಾಲೆಗಳಲ್ಲಿ ಹೊಸಬರು ಬಂದ ಕೂಡಲೇ ಅಕ್ಷರ ದಾಸೋಹದ ಲೆಕ್ಕ, ವಿದ್ಯಾರ್ಥಿಗಳ ವಿವರಗಳ ಗಣಕೀಕರಣ ಮತ್ತು ಪ್ರಭಾರ ಮುಖ್ಯಶಿಕ್ಷಕರ ಹೊಣೆಯನ್ನು ಒಟ್ಟಿಗೆ ವಹಿಸಿಬಿಡುವುದುಂಟು. ವಯಸ್ಸಿನಲ್ಲಿ ಕಿರಿಯರು, ಗಣಕಯಂತ್ರ ಬಲ್ಲವರು ಎಂಬ ಕಾರಣ ಮೇಲುನೋಟಕ್ಕೆ ಸರಿಯೆನಿಸಬಹುದು. ಆದರೆ ಮಕ್ಕಳ ಹೆಸರುಗಳನ್ನು ಅರಿಯುವ ಮೊದಲೇ ವಹಿಗಳಲ್ಲಿ ಮುಳುಗಿದವರು ತರಗತಿಯನ್ನು ಕಲಿಯುವುದು ತಡವಾಗುತ್ತದೆ. ಆದ್ದರಿಂದ ಮೊದಲ ತಿಂಗಳಲ್ಲಿ ಬೋಧನೆಯ ಹೊರತು ಬೇರೆ ಸ್ವತಂತ್ರ ಹೊಣೆಯನ್ನು ವಹಿಸದಿರುವುದು ಸೂಕ್ತ. ಅನಂತರ ಒಂದು ಬಾರಿಗೆ ಒಂದರಂತೆ, ಹಿಂದೆ ಆ ಕೆಲಸ ಮಾಡುತ್ತಿದ್ದವರು ಜೊತೆಗಿದ್ದು ಕಲಿಸಿದ ಬಳಿಕ ವಹಿಸತಕ್ಕದ್ದು.

2. ಹಾಜರಾಗುವ ಮುನ್ನ ಮಾಡಬೇಕಾದ ಸಿದ್ಧತೆ

ಕೌನ್ಸೆಲಿಂಗ್‌ನಲ್ಲಿ ಸ್ಥಳ ಆಯ್ಕೆ ಮಾಡಿಕೊಂಡವರಿಗೆ ಆ ಊರು ಹಲವು ವೇಳೆ ಪಟ್ಟಿಯ ಮೇಲಿನ ಹೆಸರು ಮಾತ್ರ ಆಗಿರುತ್ತದೆ. ಜಿಲ್ಲಾ ಕೇಂದ್ರವಾದ ತುಮಕೂರಿನಿಂದ ಪಾವಗಡ ಸುಮಾರು 100 ಕಿ.ಮೀ. ದೂರದಲ್ಲಿದೆ, ನಾಗಲಮಡಿಕೆ, ವೈ.ಎನ್.ಹೊಸಕೋಟೆ ಭಾಗದ ಶಾಲೆಗಳಿಗೆ ಅಲ್ಲಿಂದ ಮುಂದಕ್ಕೂ ಪ್ರಯಾಣ ಮಾಡಬೇಕು. ಮುಖ್ಯಶಿಕ್ಷಕರು ಮುಂಚಿತವಾಗಿ ದೂರವಾಣಿ ಮೂಲಕ ಈ ಕೆಳಕಂಡ ವಿಷಯಗಳನ್ನು ತಿಳಿಸುವುದು ಒಳ್ಳೆಯದು.

• ಶಾಲೆಗೆ ತಲುಪುವ ಮಾರ್ಗ, ಬೆಳಗಿನ ಮತ್ತು ಸಂಜೆಯ ಬಸ್ಸಿನ ವೇಳೆ
• ಹತ್ತಿರದಲ್ಲಿ ಬಾಡಿಗೆ ಮನೆ ದೊರೆಯುವ ಊರು, ಆಸ್ಪತ್ರೆ ಮತ್ತು ಬ್ಯಾಂಕು
• ಕುಡಿಯುವ ನೀರಿನ ಲಭ್ಯತೆ. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿರುವುದರಿಂದ, ಶುದ್ಧ ಕುಡಿಯುವ ನೀರು ಎಲ್ಲಿ ದೊರೆಯುತ್ತದೆ ಎಂಬುದನ್ನು ಮೊದಲ ದಿನವೇ ತಿಳಿಸಬೇಕು
• ಹಾಜರಾಗುವಾಗ ತರಬೇಕಾದ ಮೂಲ ದಾಖಲೆಗಳು

3. ಮೊದಲ ದಿನ

ಕರ್ತವ್ಯಕ್ಕೆ ಹಾಜರಾದ ವರದಿಯಲ್ಲಿ ದಿನಾಂಕವನ್ನೂ, ಪೂರ್ವಾಹ್ನವೋ ಅಪರಾಹ್ನವೋ ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಬೇಕು. ವೇತನ ಹಾಗೂ ಸೇವಾವಧಿಯ ಲೆಕ್ಕಾಚಾರಕ್ಕೆ ಈ ನಮೂದೇ ಆಧಾರ. ವರದಿಯನ್ನು ಅದೇ ದಿನ ಕ್ಷೇತ್ರಶಿಕ್ಷಣಾಧಿಕಾರಿಗಳ ಕಛೇರಿಗೆ ಕಳುಹಿಸಿ, ಒಂದು ಪ್ರತಿಯನ್ನು ಶಿಕ್ಷಕರಿಗೆ ನೀಡತಕ್ಕದ್ದು.

ಪ್ರಾಥಮಿಕ ಶಾಲಾ ಶಿಕ್ಷಕರ ವೇತನ ಬಟವಾಡೆ ಕ್ಷೇತ್ರಶಿಕ್ಷಣಾಧಿಕಾರಿಗಳ ಕಛೇರಿಯ ಮೂಲಕ ನಡೆಯುತ್ತದೆ. ಪ್ರೌಢಶಾಲೆಯಲ್ಲಿ ಮುಖ್ಯಶಿಕ್ಷಕರೇ ಬಟವಾಡೆ ಅಧಿಕಾರಿಯಾಗಿರುತ್ತಾರೆ. ಸೇವಾ ಪುಸ್ತಕ ತೆರೆಯುವುದು, ಎಚ್.ಆರ್.ಎಂ.ಎಸ್. ತಂತ್ರಾಂಶದಲ್ಲಿ ವಿವರ ಸೇರಿಸುವುದು, ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಕಡ್ಡಾಯ ಜೀವವಿಮೆಯ ಪ್ರಸ್ತಾವನೆ ಸಲ್ಲಿಸುವುದು ಮೊದಲ ಹಂತದ ಕೆಲಸಗಳು. ಇವುಗಳ ಜೊತೆಗೆ 1-4-2006ರಿಂದ ಈಚೆಗೆ ಸೇವೆಗೆ ಸೇರಿದವರಿಗಾಗಿ ಜಾರಿಗೆ ಬಂದ ಪಿಂಚಣಿ ಯೋಜನೆಯ ಖಾತೆ ಸಂಖ್ಯೆಯನ್ನೂ ಪಡೆಯಬೇಕಾಗುತ್ತದೆ. ಇವುಗಳಲ್ಲಿ ಒಂದು ಉಳಿದರೂ ಮೊದಲ ವೇತನ ತಡವಾಗಬಹುದು. ಪರ ಊರಿನಲ್ಲಿ ಮನೆ ಮಾಡಿ, ಮುಂಗಡ ಕಟ್ಟಿ, ಕೈಯಲ್ಲಿದ್ದ ಹಣ ಮುಗಿಸಿಕೊಂಡವರಿಗೆ ವೇತನದ ವಿಳಂಬ ಸಣ್ಣ ಸಂಗತಿಯಲ್ಲ. ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ವಾರಕ್ಕೊಮ್ಮೆ ಕಛೇರಿಯಲ್ಲಿ ವಿಚಾರಿಸುವ ಹೊಣೆಯನ್ನು ಮುಖ್ಯಶಿಕ್ಷಕರು ತಾವೇ ವಹಿಸಿಕೊಳ್ಳುವುದು ಉಚಿತ.

ದಾಖಲೆಗಳ ಕೆಲಸ ಮುಗಿದ ಮೇಲೆ ಹೊಸ ಶಿಕ್ಷಕರನ್ನು ಪ್ರತಿ ತರಗತಿಗೂ ಕರೆದೊಯ್ದು ಮಕ್ಕಳಿಗೆ ಪರಿಚಯಿಸಬೇಕು. ಅಡುಗೆ ಸಿಬ್ಬಂದಿ, ಅಂಗನವಾಡಿ ಕಾರ್ಯಕರ್ತೆ ಮತ್ತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರ ಪರಿಚಯವೂ ಅಂದೇ ಆಗುವುದು ಉತ್ತಮ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸ್ಸಿನ ಹಿನ್ನೆಲೆಯಲ್ಲಿ 2001ರಲ್ಲಿ ರೂಪುಗೊಂಡ ಈ ಸಮಿತಿಗಳಲ್ಲಿ ಮಕ್ಕಳ ಪೋಷಕರೇ ಪ್ರಧಾನರು. ಊರಿನವರೊಡನೆ ಮೊದಲ ಮಾತು ಸೌಹಾರ್ದದಿಂದ ಆದರೆ ಮುಂದೆ ದೂರು ಬರುವ ಸಂದರ್ಭದಲ್ಲಿಯೂ ಮಾತುಕತೆಗೆ ದಾರಿ ಇರುತ್ತದೆ.

4. ಮೊದಲ ವಾರ: ಊರು ಮತ್ತು ಮಕ್ಕಳ ತಿಳಿವಳಿಕೆ

ನಾಲ್ಕು ತಾಲ್ಲೂಕುಗಳೂ ಒಂದೇ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದರೂ ಮಕ್ಕಳ ಹಿನ್ನೆಲೆ ಎಲ್ಲೆಡೆ ಒಂದೇ ಅಲ್ಲ. ಹಾಜರಾತಿ ವಹಿಯಲ್ಲಿ ಕಾಣದ ಈ ಸಂಗತಿಗಳನ್ನು ಹೇಳಬಲ್ಲವರು ಶಾಲೆಯಲ್ಲಿ ಮೊದಲಿನಿಂದ ಇದ್ದವರು ಮಾತ್ರ.

ಮನೆಮಾತು: ಪಾವಗಡ ತಾಲ್ಲೂಕು ಬಹುಪಾಲು ಆಂಧ್ರಪ್ರದೇಶದ ಭೂಭಾಗದಿಂದ ಸುತ್ತುವರಿದಿದೆ. ಇಲ್ಲಿನ ಅನೇಕ ಮನೆಗಳಲ್ಲಿ ಮಾತನಾಡುವ ಭಾಷೆ ತೆಲುಗು. ಕನ್ನಡ ಮಾಧ್ಯಮದ 1ನೇ ತರಗತಿಗೆ ಬಂದ ಮಗುವು ಪ್ರಶ್ನೆಗೆ ಮೌನವಾಗಿದ್ದರೆ, ಉತ್ತರ ತಿಳಿಯದೆ ಸುಮ್ಮನಿದೆಯೋ ಪ್ರಶ್ನೆಯ ಭಾಷೆ ತಿಳಿಯದೆ ಸುಮ್ಮನಿದೆಯೋ ಎಂಬುದನ್ನು ಹೊಸ ಶಿಕ್ಷಕರು ಗುರುತಿಸಬೇಕು. ಮಗುವಿನ ಮನೆಮಾತಿನ ಕೆಲವು ಪದಗಳನ್ನು ಶಿಕ್ಷಕರು ಕಲಿತರೆ ಕನ್ನಡ ಕಲಿಸುವ ಕೆಲಸ ಹಗುರವಾಗುತ್ತದೆ. ಶಿರಾ ಪಟ್ಟಣದಲ್ಲಿ ಉರ್ದು ಮನೆಮಾತಿನ ಮಕ್ಕಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು.

ವಲಸೆ: ಮಳೆ ಕೈಕೊಟ್ಟು ಶೇಂಗಾ ಬೆಳೆ ಹೋದ ವರ್ಷ ಕೂಲಿ ಅರಸಿ ಬೆಂಗಳೂರಿನ ಕಡೆಗೆ ತೆರಳುವ ಕುಟುಂಬಗಳಿವೆ. ಮಗು ಅಜ್ಜಿಯ ಬಳಿ ಉಳಿದಿದೆಯೇ, ತಂದೆತಾಯಿಯರೊಡನೆ ಹೋಗಿದೆಯೇ ಎಂಬುದನ್ನು ವಿಚಾರಿಸದೆ ಗೈರುಹಾಜರಿ ಹಾಕುತ್ತಾ ಹೋದರೆ ಆ ಮಗು ಶಾಲೆಯಿಂದ ಹೊರಗುಳಿಯುವ ಸಂಭವವಿದೆ.

ಹಟ್ಟಿ ಮತ್ತು ತಾಂಡಾಗಳು: ಊರಿನಿಂದ ದೂರವಿರುವ ಗೊಲ್ಲರಹಟ್ಟಿ ಮತ್ತು ತಾಂಡಾಗಳಿಂದ ನಡೆದು ಬರುವ ಮಕ್ಕಳು ತಡವಾಗುವುದಕ್ಕೆ ದಾರಿಯೇ ಕಾರಣವಿರಬಹುದು. ಋತುಚಕ್ರದ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗಿರಿಸುವ ಪದ್ಧತಿ ಉಳಿದಿರುವ ಕಡೆಗಳಲ್ಲಿ ಮೇಲಿನ ತರಗತಿಗಳ ಬಾಲಕಿಯರ ಗೈರುಹಾಜರಿಯನ್ನು ಗದರಿಕೆಯಿಂದ ಸರಿಪಡಿಸಲಾಗದು. ತಾಯಂದಿರು ಹಾಗೂ ಆಶಾ ಕಾರ್ಯಕರ್ತೆಯರ ಸಹಕಾರ ಪಡೆಯಬೇಕಾಗುತ್ತದೆ.

ಈ ವಾರದಲ್ಲಿ ಒಂದು ಸಂಜೆಯಾದರೂ ಮುಖ್ಯಶಿಕ್ಷಕರು ಹೊಸ ಶಿಕ್ಷಕರೊಡನೆ ಊರಿನಲ್ಲಿ ನಡೆದಾಡಿ ನಾಲ್ಕಾರು ಮನೆಗಳಿಗೆ ಭೇಟಿ ನೀಡಿದರೆ ವಿವರಣೆಯ ಅರ್ಧ ಕೆಲಸ ಮುಗಿದಂತೆ.

5. ಮೊದಲ ಮೂರು ತಿಂಗಳು: ತರಗತಿಯ ನೆರವು

ನಲಿಕಲಿ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿತು. ಬೇರೆ ಬೇರೆ ತರಗತಿಯ ಮಕ್ಕಳು ಗುಂಪುಗಳಲ್ಲಿ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುವ ಈ ಪದ್ಧತಿಯನ್ನು ಪುಸ್ತಕ ಓದಿ ಅರಿಯುವುದು ಕಷ್ಟ. ಹೊಸ ಶಿಕ್ಷಕರನ್ನು ಕ್ಲಸ್ಟರಿನಲ್ಲಿ ನಲಿಕಲಿ ಚೆನ್ನಾಗಿ ನಡೆಯುತ್ತಿರುವ ಒಂದು ಶಾಲೆಗೆ ಎರಡು ದಿನ ಕಳುಹಿಸಲು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ ಮೂಲಕ ಅನುಮತಿ ಪಡೆಯಬಹುದು.

ತರಗತಿ ವೀಕ್ಷಣೆಯು ತಪ್ಪು ಹುಡುಕುವ ತಪಾಸಣೆಯಾಗಬಾರದು. ಮೊದಲು ಹೊಸ ಶಿಕ್ಷಕರು ಹಿರಿಯರ ಪಾಠವನ್ನು ನೋಡಲಿ; ಆಮೇಲೆ ಹಿರಿಯರು ಅವರ ಪಾಠವನ್ನು ನೋಡಲಿ. ವೀಕ್ಷಣೆಯ ಬಳಿಕ ಚೆನ್ನಾಗಿ ನಡೆದ ಒಂದು ಅಂಶವನ್ನೂ ಬದಲಾಗಬೇಕಾದ ಒಂದು ಅಂಶವನ್ನೂ ಮಕ್ಕಳ ಎದುರಿನಲ್ಲಲ್ಲದೆ ಪ್ರತ್ಯೇಕವಾಗಿ ಹೇಳಬೇಕು. ಹತ್ತು ತಿದ್ದುಪಡಿಗಳನ್ನು ಒಮ್ಮೆಲೇ ಹೇಳಿದರೆ ಒಂದೂ ಜಾರಿಗೆ ಬರುವುದಿಲ್ಲ. ಇಬ್ಬರೇ ಶಿಕ್ಷಕರಿರುವಲ್ಲಿ ಈ ಕೆಲಸಕ್ಕೆ ನೆರೆ ಶಾಲೆಯ ಅನುಭವಿ ಶಿಕ್ಷಕರೊಬ್ಬರನ್ನು ಮಾರ್ಗದರ್ಶಿಯಾಗಿ ಗೊತ್ತುಪಡಿಸಿಕೊಳ್ಳಬಹುದು. ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳು ಇದಕ್ಕೆ ಸಹಜವಾದ ವೇದಿಕೆ.

6. ಕಾನೂನಿನ ಚೌಕಟ್ಟು

ಹೊಸ ಶಿಕ್ಷಕರಿಗೆ ಈ ಕೆಳಕಂಡ ನಿಯಮಗಳ ಪರಿಚಯವನ್ನು ಆರಂಭದಲ್ಲಿಯೇ ಮಾಡಿಕೊಡಬೇಕು.

• ಶಿಕ್ಷಣ ಹಕ್ಕು ಅಧಿನಿಯಮದ 17ನೇ ಪ್ರಕರಣ: ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳದ ನಿಷೇಧ
• 24ನೇ ಪ್ರಕರಣ: ಕ್ರಮಬದ್ಧ ಹಾಜರಾತಿ, ಸಮಯಪಾಲನೆ, ಪಠ್ಯಕ್ರಮ ಪೂರೈಕೆ ಹಾಗೂ ಪೋಷಕರ ಸಭೆ ಸೇರಿದಂತೆ ಶಿಕ್ಷಕರ ಕರ್ತವ್ಯಗಳು
• 28ನೇ ಪ್ರಕರಣ: ಶಿಕ್ಷಕರು ಖಾಸಗಿ ಪಾಠ ಹೇಳುವುದರ ನಿಷೇಧ
• ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಅಧಿನಿಯಮ, 2012: ಅಪರಾಧ ಗಮನಕ್ಕೆ ಬಂದಾಗ ವರದಿ ಮಾಡುವ ಕಡ್ಡಾಯ ಹೊಣೆ
• 1966ರ ನಿಯಮಗಳ ಬದಲಿಗೆ ಬಂದ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021

7. ಖಾಯಂಪೂರ್ವ ಸೇವಾವಧಿ

ಕರ್ನಾಟಕ ನಾಗರಿಕ ಸೇವಾ (ಪ್ರೊಬೇಷನ್) ನಿಯಮಗಳು, 1977ರಂತೆ ನೇರ ನೇಮಕಾತಿ ಹೊಂದಿದವರ ಖಾಯಂಪೂರ್ವ ಅವಧಿಯು ಎರಡು ವರ್ಷಕ್ಕೆ ಕಡಿಮೆ ಇರತಕ್ಕದ್ದಲ್ಲ. ಲಿಖಿತ ಕಾರಣ ನೀಡಿ ಈ ಅವಧಿಯನ್ನು ಅದರ ಅರ್ಧದವರೆಗೆ ವಿಸ್ತರಿಸಲು ಅವಕಾಶವಿದೆ. ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಅವಧಿ ಮುಗಿದ ಮಾತ್ರಕ್ಕೆ ಅದು ತೃಪ್ತಿಕರವಾಗಿ ಪೂರ್ಣಗೊಂಡಿತೆಂದು ಭಾವಿಸಲು ಬರುವುದಿಲ್ಲ. ನಿರ್ದಿಷ್ಟ ಆದೇಶ ಹೊರಡಬೇಕು. ಆದೇಶ ತಡವಾಯಿತೆಂಬ ಕಾರಣದಿಂದಲೂ ಶಿಕ್ಷಕರಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ.

ಆದ್ದರಿಂದ ಕಾರ್ಯನಿರ್ವಹಣೆಯ ವರದಿ, ರಜೆಯ ಲೆಕ್ಕ, ಪಡೆದ ತರಬೇತಿಯ ವಿವರಗಳನ್ನು ಆಯಾ ಕಾಲಕ್ಕೆ ಬರೆದಿಡಬೇಕು. ಕೊರತೆ ಕಂಡುಬಂದಲ್ಲಿ ಕಂಡ ಕೂಡಲೇ ಮೌಖಿಕವಾಗಿ, ಮುಂದುವರಿದಲ್ಲಿ ಲಿಖಿತವಾಗಿ ತಿಳಿಸಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಡಬೇಕು. ಎರಡು ವರ್ಷ ಏನನ್ನೂ ಹೇಳದೆ ಕೊನೆಯ ವರದಿಯಲ್ಲಿ ಅತೃಪ್ತಿ ಬರೆಯುವುದು ಶಿಕ್ಷಕರಿಗೂ ನ್ಯಾಯವಲ್ಲ, ಆ ಎರಡು ವರ್ಷ ಅವರ ಬಳಿ ಕಲಿತ ಮಕ್ಕಳಿಗೂ ನ್ಯಾಯವಲ್ಲ.

8. ಮುಖ್ಯಶಿಕ್ಷಕರ ಪರಿಶೀಲನೆಗೆ

• ಮೊದಲ ದಿನ: ಹಾಜರಾತಿ ವರದಿ ರವಾನೆ, ಮಕ್ಕಳಿಗೆ ಮತ್ತು ಸಿಬ್ಬಂದಿಗೆ ಪರಿಚಯ
• ಮೊದಲ ವಾರ: ಊರಿನ ಪರಿಚಯ, ಮನೆ ಭೇಟಿ, ನಿಯಮಗಳ ತಿಳಿವಳಿಕೆ
• ಮೊದಲ ತಿಂಗಳು: ಬೋಧನೆಯ ಹೊಣೆ ಮಾತ್ರ, ವೇತನ ಸಂಬಂಧಿ ಕೆಲಸಗಳ ಅನುಸರಣೆ
• ಮೂರನೇ ತಿಂಗಳು: ಪರಸ್ಪರ ತರಗತಿ ವೀಕ್ಷಣೆ, ಶಾಲಾ ದಾಖಲೆಗಳಲ್ಲಿ ಒಂದರ ಹೊಣೆ
• ಪ್ರತಿ ಆರು ತಿಂಗಳು: ಕಾರ್ಯನಿರ್ವಹಣೆಯ ಕುರಿತು ಮಾತುಕತೆ ಮತ್ತು ದಾಖಲೆ
• ಎರಡನೇ ವರ್ಷದ ಅಂತ್ಯಕ್ಕೆ ಮುನ್ನ: ಖಾಯಂಪೂರ್ವ ಅವಧಿ ಘೋಷಣೆಯ ಪ್ರಸ್ತಾವನೆಗೆ ದಾಖಲೆಗಳ ಸಿದ್ಧತೆ

ಸ್ವಾಗತದ ಹೂಗುಚ್ಛ ಮರುದಿನ ಬಾಡುತ್ತದೆ. ಕಷ್ಟ ಬಂದಾಗ ಯಾರನ್ನು ಕೇಳಬೇಕು ಎಂಬುದು ಹೊಸ ಶಿಕ್ಷಕರಿಗೆ ಖಚಿತವಾಗಿ ತಿಳಿದಿದ್ದರೆ, ಕೇಳಿದಾಗ ಉತ್ತರ ದೊರೆತರೆ, ದೂರದ ಊರಿನ ಶಾಲೆಯೂ ಅವರಿಗೆ ತಮ್ಮದೆನಿಸುತ್ತದೆ. ಹಾಗೆ ನೆಲೆಯೂರಿದ ಶಿಕ್ಷಕರಿಂದ ಮಕ್ಕಳಿಗೆ ಅಡೆತಡೆಯಿಲ್ಲದ ಕಲಿಕೆ ದೊರೆಯಲಿ ಎಂಬುದೇ ಈ ಮಾಹಿತಿಯ ಆಶಯ.